ಸಾಸಿವೆ ಡಬ್ಬಿಯಲ್ಲಿದ್ದ ಕಾರ್ಡು

ಫೋಟೋ ತೆಗೆಯೋನ ಮನೇಲಿ ನಗೋ ಹಾಗಿದ್ದು ಏನಾದ್ರೂ ಆಗ್ತಾನೇ ಇರುತ್ತೆ. ಎದುರಿಗೆ ನಿಂತೋರಿಗೆ ನಗಿ ನಗಿ ಅಂತ ಹೇಳ್ತೀವಲ್ಲ, ಅವರು ನಗದೇ ಉಳಿಸಿದ್ದೆಲ್ಲ ನಮ್ಮ ಹಿಂದೇನೇ ಮನೆಗೆ ಬರುತ್ತೋ ಏನೋ.

ನಂದು ಶಿಡ್ಲಘಟ್ಟ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು. ಮನೆ ಮುಂದಿನ ರೂಮೇ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶ ಅಂತ ಮಂಡಿಕಲ್ ಕಡೆ ಹಳ್ಳಿಗಳು, ಗೌರಿಬಿದನೂರು, ಎಲ್ಲಾ ಕಡೆ ಹೋಗಿದ್ದೀನಿ. ರೀಲು ಇದ್ದಷ್ಟು ದಿನ ಎಲ್ಲಾ ನಂದೇ ಕೆಲಸ. ಡಿಜಿಟಲ್ ಕ್ಯಾಮೆರಾ ಬಂತು, ಅರ್ಧ ಕೆಲಸ ನನ್ನ ಹೆಂಡತೀದಾಯ್ತು. ಅವಳು ಎಸ್ಸೆಸ್ಸೆಲ್ಸಿ ಪಾಸು. ನಾನು ತೆಗೀಬೇಕು, ಅವಳು ಇಳಿಸ್ಬೇಕು.

ಇಳಿಸೋಕೆ ಕಾರ್ಡ್ ರೀಡರ್ ಅಂತ ಒಂದಿದೆ. ಬೆಂಕಿಪೊಟ್ಟಣದಷ್ಟು ಪ್ಲಾಸ್ಟಿಕ್ಕು. ಒಂದು ಕಡೆ ಕ್ಯಾಮೆರಾ ಕಾರ್ಡು ತೂರಿಸ್ಬೇಕು, ಇನ್ನೊಂದು ಕಡೆ ಕಂಪ್ಯೂಟರಿಗೆ ಸಿಕ್ಕಿಸ್ಬೇಕು. ರೀಡರೂ ಕಾರ್ಡುಗಳೂ ಇರ್ತಿದ್ದಿದ್ದು ಅಡುಗೆಮನೇಲಿ, ಹಳೇ ಸಾಸಿವೆ ಡಬ್ಬೀಲಿ. ಅಲ್ಲಿ ತೇವ ತಾಗಲ್ಲ ಅಂತ ಅವಳ ವಾದ.

ಅವಳು ಹೋಗಿ ವರ್ಷ ಆಯ್ತು. ಮೊನ್ನೆ ತಿಥಿ. ಗೋಡೆಗೆ ಅವಳ ಫೋಟೋ ಬೇಕಾಗಿತ್ತು. ಇಲ್ಲ. ಊರೋರ್ನೆಲ್ಲ ತೆಗೆದೋನ ಮನೇಲಿ ಹೆಂಡತಿ ಫೋಟೋ ಇಲ್ಲ. ನಮ್ಮ ಮದುವೆ ಫೋಟೋದಲ್ಲಿ ಬಾಸಿಂಗ ಬಿಟ್ರೆ ಏನೂ ಕಾಣಲ್ಲ. ಆಧಾರ್ ಕಾರ್ಡಲ್ಲಿರೋದು ತಾನೇ ಅಂತ ಅವಳೇ ಒಪ್ಪಿರ್ಲಿಲ್ಲ. ಹುಡುಕ್ತಾ ಕೂತಾಗ ಇವೆಲ್ಲ ನೆನಪಾದ್ವು.

ಆಯುಧಪೂಜೆ

ರೀಡರ್ ತಂದ ವರ್ಷ. ಆಯುಧಪೂಜೆ ದಿನ ಕ್ಯಾಮೆರಾ, ಫ್ಲಾಷು, ಸ್ಟ್ಯಾಂಡು ಎಲ್ಲಾ ಸಾಲಾಗಿ ಇಟ್ಟಳು. ವಿಭೂತಿ ಬಳಿದು ಕುಂಕುಮ ಇಟ್ಟಳು. ರೀಡರಿಗೆ ಮೂರು ಬೆರಳಲ್ಲಿ ಎಳೆಯೋಕೆ ಜಾಗ ಎಲ್ಲಿ? ಚಿಕ್ಕದಲ್ವಾ, ಪಾಪ ಅಂತ ಒಂದು ಚಿಟಿಕೆ ಜಾಸ್ತೀನೇ ಕುಂಕುಮ ಹಾಕಿದ್ಲು.

ಮಾರನೇ ದಿನ ರೀಡರು ಸತ್ತಂಗೆ ಬಿದ್ದಿತ್ತು. ಲೈಟೇ ಇಲ್ಲ.

"ಪೂಜೆ ಮಾಡಿದ್ದಕ್ಕೆ ಹಿಂಗಾ?" ಅಂತ ಅವಳಿಗೆ ದೇವರ ಮೇಲೇ ಬೇಜಾರು.

ಚಿಂತಾಮಣೀಲಿ ಮೊಬೈಲ್ ರಿಪೇರಿ ಮಾಡೋ ಸಾಬರ ಹತ್ರ ತಗೊಂಡು ಹೋದೆ. ಅವರು ಬಿಚ್ಚಿ, ಪೇಪರಿನ ಮೇಲೆ ಮೆಲ್ಲಗೆ ತಟ್ಟಿದ್ರು. ಕೆಂಪಗೆ ಉದುರ್ತು. ನನ್ನ ಮುಖ ನೋಡಿದ್ರು.

"ಅಣ್ಣಾ, ಇದರೊಳಗೆ ಯಾರ ಮದುವೆ ಆಯ್ತು?"

ಮುಂದಿನ ವರ್ಷದಿಂದ ರೀಡರನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಪೂಜೆಗಿಡ್ತಿದ್ಲು. ದೇವರಿಗೆ ಕಾಣುತ್ತಾ ಅಂತ ಕೇಳ್ದೆ.

"ಕವರು ತೆಳ್ಳಗಿದೆ. ಕಾಣುತ್ತೆ ಬಿಡಿ."

ಹಳೇ ಅಡಿಕೆ

ಮಂಡಿಕಲ್ ಕಡೆಯ ಯಜಮಾನರೊಬ್ಬರು ಮಗಳ ಮದುವೆ ಮಾಡಿದ್ರು. ಅವರ ತಮ್ಮನ ಕ್ಯಾಮೆರಾದಲ್ಲೂ ಫೋಟೋ ತೆಗೆದಿದ್ರಂತೆ. ಅದನ್ನೂ ಇಳಿಸಿಕೊಡಿ ಅಂತ ಕಾರ್ಡು ಹಿಡ್ಕೊಂಡು ಮನೆಗೇ ಬಂದ್ರು. ಮಗಳ ಮದುವೆ ಇರೋ ಕಾರ್ಡನ್ನ ಬರಿಗೈಲಿ ಕೊಡಬಾರದು ಅಂತ ಅವರ ಮನೆಯೋರು ಹೇಳಿ ಕಳಿಸಿದ್ರಂತೆ. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು. ಎಲೆ ಮಡಿಕೆ ಒಳಗೆ ಕಾರ್ಡು. ತಟ್ಟೇಲಿಟ್ಟು ಕೈಮುಗಿದು ಹೋದ್ರು.

ಅವತ್ತು ನಮ್ಮ ಮಾವ, ಅಂದ್ರೆ ಹೆಂಡತಿ ಅಪ್ಪ, ಚಿಂತಾಮಣಿಯಿಂದ ಬಂದು ಜಗಲಿ ಮೇಲೆ ಕೂತಿದ್ರು. ಎಲೆ ಅಡಿಕೆ ಇಲ್ದೆ ಮಾವ ಇಲ್ಲ. ತಟ್ಟೆ ನೋಡಿದ್ರು, ಎಲೆಗೆ ಸುಣ್ಣ ಸವರಿದ್ರು, ಮಡಿಚಿ ಬಾಯಿಗೆ ಹಾಕ್ಕೊಂಡ್ರು. ಕಟಕ್ ಅಂತ ಒಳಗಿದ್ದ ನಮಗೇ ಕೇಳಿಸ್ತು.

"ಏಮ್ಮಾ, ಅಡಿಕೆ ಯಾವ ಕಾಲದ್ದೇ ಇದು?"

ಅವಳು ಓಡಿಬಂದು ನೋಡಿದ್ಲು. "ಅಯ್ಯೋ ಅಪ್ಪಾ, ಉಗೀ! ಮದುವೆ ಉಗೀ!"

ಮಾವ ಉಗಿದ್ರು. ಕಾರ್ಡಿನ ಮೂಲೇಲಿ ಹಲ್ಲಿನ ಗುರುತು. ಅವಳು ಒರೆಸಿ, ಸೆರಗಲ್ಲಿ ತಿಕ್ಕಿ, ಒಂದು ದಿನ ಒಣಗಿಸಿ ರೀಡರಿಗೆ ಹಾಕಿದ್ಲು. ಫೋಟೋ ಎಲ್ಲಾ ಬಂತು, ಒಂದೂ ಹಾಳಾಗಿರ್ಲಿಲ್ಲ.

ಮಾವಂಗೆ ಮಾತ್ರ ಸಮಾಧಾನ ಇಲ್ಲ. "ಮದುವೆ ಅಂತೀರಾ, ಒಂದು ಚೂರು ರುಚಿ ಇರ್ಲಿಲ್ಲ ಕಣಪ್ಪ."

ಸೀನು

ಫೋಟೋ ಇಳಿಯೋವಾಗ ರೀಡರಲ್ಲಿ ಚಿಕ್ಕ ಲೈಟು ಮಿಟುಕುತ್ತೆ. ಅದು ನಿಲ್ಲೋವರೆಗೂ ಅವಳು ಕದಲ್ತಿರ್ಲಿಲ್ಲ. ಹಾಲು ಕಾಯೋಕಿಟ್ಟ ಹಾಗೆ. ಮನೇಲಿ ಯಾರೂ ಮಾತಾಡಂಗಿಲ್ಲ. ಹಲ್ಲಿ ಲೊಚಗುಟ್ಟಿದ್ರೆ ಖುಷಿ. ಯಾರಾದ್ರೂ ಸೀನಿದ್ರೆ ಮುಗೀತು. ನಿಲ್ಲಿಸಿ, ಕಾರ್ಡು ತೆಗೆದು, ನೀರು ಕುಡಿದು, ಮೊದಲಿಂದ.

ನಮ್ಮ ಬೀದಿ ಐನೋರು, ಮೊಮ್ಮಗನ ಉಪನಯನದ ಫೋಟೋ ನೋಡೋಕೆ ಬಂದು ಕೂತ್ರು. ನಶ್ಯ ಏರಿಸೋ ಚಟ ಅವರಿಗೆ. ಅರ್ಧ ಇಳಿದಿತ್ತು. ಐನೋರು ಸೀನಿದ್ರು. ಅವಳು ಕಾರ್ಡು ಕಿತ್ತಳು. ಮತ್ತೆ ಹಾಕಿದ್ಲು. ಮತ್ತೆ ಸೀನಿದ್ರು. ಮತ್ತೆ ಕಿತ್ತಳು.

"ಏನಮ್ಮಾ, ಇದು ಶಾಸ್ತ್ರದಲ್ಲಿಲ್ಲ" ಅಂದ್ರು ಐನೋರು.

"ಶಾಸ್ತ್ರ ನಿಮ್ಮದು, ರೀಡರು ನಮ್ಮದು. ಆಚೆ ಕೂತ್ಕೊಳಿ."

ಹೆದರಿಕೆಗೆ ಐನೋರು ಬೀದಿ ಕೊನೆಗೆ ಹೋಗಿ ಸೀನಿ ಬಂದ್ರು.

ಲೈಟು ನೋಡೋದು

ಕೆಲಸಕ್ಕೆ ಹೊರಡೋ ಮುಂಚೆ ಫ್ಲಾಷು ಸರಿಯಾಗಿದೆಯಾ ಅಂತ ಒಂದು ಫೋಟೋ ತೆಗೆದು ನೋಡೋದು ನನ್ನ ಅಭ್ಯಾಸ. ಬಾಗಿಲಲ್ಲಿ ಅವಳೇ ಇರ್ತಿದ್ಲು. ಕೈಯಲ್ಲಿ ಪೊರಕೆನೋ ರಂಗೋಲಿ ಬಟ್ಟಲೋ. ಪ್ರತಿ ಮದುವೇಲೂ ಕ್ಯಾಮೆರಾ ಕಾರ್ಡಲ್ಲಿ ಮೊದಲನೇ ಫೋಟೋ ಅವಳದೇ.

ಗೌರಿಬಿದನೂರಿನ ಒಂದು ಮದುವೇಲಿ ಅದು ಅಳಿಸದೆ ಹಂಗೇ ಹೋಗಿ, ಆಲ್ಬಮ್ಮಿನ ಮೊದಲನೇ ಪುಟದಲ್ಲಿ ಬಂದ್ಬಿಡ್ತು. ಪೊರಕೆ ಸಮೇತ. ಹೆಣ್ಣಿನ ಕಡೆಯೋರು ಗಂಡಿನ ಅತ್ತೆ ಇರಬೇಕು ಅಂದ್ಕೊಂಡ್ರು. ಗಂಡಿನ ಕಡೆಯೋರು ಹೆಣ್ಣಿನ ಚಿಕ್ಕಮ್ಮ ಇರಬೇಕು ಅಂದ್ಕೊಂಡ್ರು. ಎರಡೂ ಕಡೆ ಸುಮ್ನಿದ್ರು. ಮಗು ಹುಟ್ಟಿ ನಾಮಕರಣಕ್ಕೆ ಕರೆಯೋಕೆ ಬಂದಾಗ ಬಾಗಿಲು ತೆಗೆದೋಳು ಇವಳು.

"ನೀವೂ ಇಲ್ಲೇ ಇದ್ದೀರಾ ಚಿಕ್ಕಮ್ಮಾ?" ಅಂತ ಮದುವೆ ಹುಡುಗ ಕಾಲಿಗೇ ಬಿದ್ದ.

ಅವಳು ಆ ಹಾಳೆ ತರಿಸಿ ಬಚ್ಚಲ ಒಲೆಗೆ ಹಾಕಿದ್ಲು. ಆಮೇಲೆ ಕಾರ್ಡು ರೀಡರಿಗೆ ಹೋದ ಕೂಡ್ಲೆ ಮೊದಲು ತನ್ನ ಫೋಟೋ ಅಳಿಸೋಳು. ಅದಕ್ಕೇ ಒಂದೂ ಉಳಿದಿಲ್ಲ.

ತಿಥಿ

ತಿಥಿಗೆ ನಾದಿನಿ, ಅಂದ್ರೆ ಹೆಂಡತಿ ತಂಗಿ, ಮುಂಚೇನೇ ಬಂದ್ಲು. ಇಬ್ಬರೂ ಸಾಸಿವೆ ಡಬ್ಬಿ ಸುರಿದು ಕೂತ್ವಿ. ಅವಳು ಹೋದ್ಮೇಲೆ ಆಚೆ ಅಂಗಡೀಲಿ ಇಳಿಸ್ಕೊಳ್ತಿದ್ದೆ, ರೀಡರಿಗೆ ನಾನೇ ಕಾರ್ಡು ಹಾಕಿದ್ದು ಅದೇ ಮೊದಲು. ಕಾರ್ಡು ಒಳಗೆ ಹೋಗಲೊಲ್ಲದು.

"ಬಾವ, ತಲೆಕೆಳಗಾಗಿದೆ. ತಿರುಗಿಸಿ."

ಒಂದೊಂದೇ ಹಾಕಿದ್ವಿ. ಎಲ್ಲಾ ಖಾಲಿ. ಅವಳು ಮಾಡಿದ ಕೆಲಸ, ಚೊಕ್ಕವಾಗಿತ್ತು. ಕೊನೇದು ತುಂಬಾ ಹಳೇ ಕಾರ್ಡು. ನೆನಪಾಯ್ತು. ಅವಳು ಹುಷಾರು ತಪ್ಪೋ ಮುಂಚೆ ಕಡೇ ಸಲ ಅದರಲ್ಲೇ ಲೈಟು ನೋಡಿದ್ದೆ. ಹಳೇದು, ನಂಬೋಕಾಗಲ್ಲ ಅಂತ ಬೇರೆ ಕಾರ್ಡು ಹಾಕ್ಕೊಂಡು ಹೋಗಿದ್ದೆ. ಇದು ಡಬ್ಬಿಗೆ ಬಿದ್ದಿತ್ತು. ಇಳಿಸೋಕೆ ಅವಳಿಗೆ ಆಗಿರ್ಲಿಲ್ಲ.

ರೀಡರಿನ ಲೈಟು ಮಿಟುಕ್ತು. ನಾದಿನಿ ಏನೋ ಅನ್ನೋಕೆ ಹೋದ್ಲು. ಮಾತಾಡ್ಬೇಡ ಅಂತ ಕೈ ಮಾಡ್ದೆ.

ಒಂದೇ ಫೋಟೋ. ಬಾಗಿಲಲ್ಲಿ ಅವಳು. ಒಂದು ಕೈಲಿ ಪೊರಕೆ. ಇನ್ನೊಂದು ಕೈ ಮೇಲೆತ್ತಿದ್ದಾಳೆ. ಬಾಯಿ ಅರ್ಧ ತೆಗೆದಿದೆ. "ರೀ, ಸಾಕು ಹೋಗಿ, ಬಸ್ಸು ಹೋಗುತ್ತೆ" ಅಂತಿದ್ಲು ಆಗ.

ನಾದಿನಿ ಅತ್ತಳು. ನಾನು ಲೈಟು ಸರಿಯಾಗಿದೆಯಾ ಅಂತ ನೋಡ್ದೆ. ಸರಿಯಾಗಿತ್ತು.

"ಬಾವ, ಕಂಪ್ಯೂಟರಲ್ಲಿ ಪೊರಕೆ ತೆಗೆಸ್ಬೋದಂತೆ."

"ಬೇಡಮ್ಮ. ಬಂದು ಎಲ್ಲಿಟ್ಟಿರಿ ಅಂತ ಕೇಳ್ತಾಳೆ."

ದೊಡ್ಡದು ಮಾಡಿಸಿ, ಹೂವು ಹಾಕಿ, ಬಾಗಿಲಿಗೆ ಎದುರಾಗಿ ಹಾಕ್ದೆ. ತಿಥಿ ದಿನ ಒಳಗೆ ಬಂದೋರೆಲ್ಲ ಒಂದು ಸಲ ನಿಂತ್ರು, ವಾಪಸ್ ಹೋಗಿ ಚಪ್ಪಲಿ ಸಾಲಾಗಿ ಬಿಟ್ಟು ಬಂದ್ರು. ಮಾವ ಮಗಳ ಫೋಟೋ ನೋಡಿ ಸುಮಾರು ಹೊತ್ತು ನಿಂತ್ರು. ಆಮೇಲೆ ಆಚೆ ಹೋಗಿ, ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, ಬಾಯಿ ಮುಕ್ಕಳಿಸಿ ಬಂದು ಕೂತ್ರು.

ಐನೋರು ಮಂತ್ರ ಶುರು ಮಾಡಿದ್ರು. ಅರ್ಧ ಆಗಿತ್ತು. ಮೂಗು ಕೆಂಪಾಯ್ತು. ತಡೆದ್ರು, ತಡೆದ್ರು, ಸೀನೇಬಿಟ್ರು.

ಐನೋರು ಮೆಲ್ಲಗೆ ತಲೆಯೆತ್ತಿ ಗೋಡೆ ನೋಡಿದ್ರು. ಅವಳು ಕೈ ಎತ್ತಿಕೊಂಡು ಅವರನ್ನೇ ನೋಡ್ತಿದ್ಲು.

"ಆಯ್ತಮ್ಮಾ" ಅಂದ್ರು ಐನೋರು. ಒಂದು ಗುಟುಕು ನೀರು ಕುಡಿದು, ಮಂತ್ರ ಮೊದಲಿಂದ ಶುರು ಮಾಡಿದ್ರು.