ಯಂಕಮ್ಮ ಅಲ್ಲ ಎಂದಳು

ಆಷಾಢದ ಆ ಮುಂಜಾನೆ ಗಾಳಿ ಮೋಡಗಳನ್ನೆಲ್ಲ ಮೂಡಣದ ಕಡೆ ಅಟ್ಟಿ, ಧೂಳನ್ನು ಮಾತ್ರ ರಾಯಚೂರಿಗೆ ಬಿಟ್ಟಿತ್ತು. ಕಾಯಿಪಲ್ಲೆ ಮಾರುವ ಮುದುಕಪ್ಪ ಅಂದು ತಳ್ಳುಗಾಡಿ ಹೊರಡಿಸಲಿಲ್ಲ. ಹೈದರಾಬಾದಿನಲ್ಲಿ ಕ್ಯಾನ್ಸರಿನ ಸೂಜಿ ಹಾಕಿಸಿಕೊಂಡು ಬಂದಾಗಿನಿಂದ ಹೆಂಡತಿ ಯಂಕಮ್ಮನ ಹೊಟ್ಟೆಯಲ್ಲಿ ಗುಟುಕು ಗಂಜಿಯೂ ನಿಲ್ಲುತ್ತಿರಲಿಲ್ಲ. ಹೀಗೇ ಸೊರಗಿದರೆ ಮುಂದಿನ ಸೂಜಿ ಇಲ್ಲ, ಗುಳಿಗೆಯ ಜೊತೆ ಮನೆಯ ಕಷಾಯವನ್ನೂ ಕೊಟ್ಟು ನೋಡಿ ಎಂದಿದ್ದರು ಡಾಕ್ಟರು.

ಮುದುಕಪ್ಪ ತುಳಸಿ ಅರೆದು ತಂದ. "ಏನು ಬೇಕು ನಿನಗ? ಇದೇ ಏನು?"

ಬಾಯಿ ತೆರೆದರೆ ಓಕರಿಕೆ. ಯಂಕಮ್ಮ ಒಂದೇ ಮಾತು ಅಂದಳು: "ಅಲ್ಲ."

ದೇವರ ಗಿಡದ ರಸ ಚೆಲ್ಲಬಾರದೆಂದು ತಾನೇ ಕುಡಿದ.

ಪಕ್ಕದ ಮನೆಯ ಗೋಪಮ್ಮ ನೆಲ್ಲಿಕಾಯಿ ಜಜ್ಜಿ ತಂದಳು. "ಇದೇ ಏನು ಯಕ್ಕಾ?"

"ಅಲ್ಲ."

ಅದೂ ಮುದುಕಪ್ಪನ ಹೊಟ್ಟೆಗೇ ಹೋಯಿತು.

ಎದುರುಮನೆಯ ಶರಣಯ್ಯ ಕಟ್ಟೆಯಿಂದಲೇ ತೀರ್ಪು ಕೊಟ್ಟ: "ಲೇ, ಬ್ಯಾಡ ಅನ್ನವಲ್ಲಳು, ಅಲ್ಲ ಅಂತಾಳ. ಅಂದ್ರ ಆಕಿ ಮನಸಿನ್ಯಾಗ ಬ್ಯಾರೇ ಏನೋ ಅದ. ಮಾನ್ವಿ ಕಡಿ ಮಲ್ಲಟದಾಗ ಒಬ್ಬ ವೈದ್ಯ ಅದಾನ, ಅಮೃತಬಳ್ಳಿ ಕಷಾಯ ಕೊಡ್ತಾನ. ಓಡು!"

ಮುದುಕಪ್ಪ ಬಸ್ಸಿನಲ್ಲಿ ಕಷಾಯದ ಸೀಸೆಯನ್ನು ಕೂಸಿನಂತೆ ಎದೆಗವಚಿಕೊಂಡು, ದಾರಿಯುದ್ದಕ್ಕೂ ಸೂಗೂರೇಶ್ವರನಿಗೆ ಹರಕೆ ಹೊರುತ್ತ ಸಂಜೆಗೆ ಮರಳಿದ. ಯಂಕಮ್ಮ ಮೂಸಿ ಹಣೆ ಬಡಿದುಕೊಂಡಳು. "ಅಲ್ಲ! ಅಲ್ಲ!"

"ಎರಡು ಸಲ ಅಂದಳು ನೋಡು," ಎಂದ ಶರಣಯ್ಯ. "ಹತ್ತಿರಕ್ಕ ಬಂದೀವಿ."

"ಕಹಿ ಇಲ್ಲ ಬೇ, ನೋಡಿಲ್ಲಿ," ಎನ್ನುತ್ತ ಮುದುಕಪ್ಪ ಅದನ್ನೂ ಗಟಗಟ ಇಳಿಸಿದ.

ಅಷ್ಟರಲ್ಲಿ ಓಣಿಯ ಕೊನೆಮನೆಯ ಅಕ್ಬರಿ ಬೇಗಂ ಬಾಗಿಲಿಗೆ ಬಂದಳು. "ಯಂಕಮ್ಮಾ, ಹ್ವಾದ ವಾರ ಕಡಾ ಒಯ್ದಿದ್ದೆ. ತಗೋ ನಿನ್ನ ಅಲ್ಲ," ಎಂದು ಬೆರಳುದ್ದದ ಹಸಿ ಶುಂಠಿ ಇಟ್ಟಳು. ಯಂಕಮ್ಮ ಅದನ್ನು ಮಲ್ಲಿಗೆಯಂತೆ ಮೂಗಿಗೆ ಹಿಡಿದು ಗಂಡನನ್ನು ನೋಡಿದಳು.

ಈ ಸೀಮೆಯಲ್ಲಿ ಹಸಿ ಶುಂಠಿಗೆ ಅನ್ನುವುದೇ 'ಅಲ್ಲ' ಎಂದು. "ಅಲ್ಲ, ಬಳ್ಳೊಳ್ಳಿ!" ಎಂದು ವರ್ಷಗಟ್ಟಲೆ ಓಣಿ ಓಣಿ ಒದರಿದವನು ಮುದುಕಪ್ಪನೇ. ಊರೆಲ್ಲ ಕೇಳಿತ್ತು, ಅವನ ಕಿವಿಗೆ ಮಾತ್ರ ಬಿದ್ದಿರಲಿಲ್ಲ. ಅಂಗಳದ ಗಾಡಿಯಲ್ಲಿ, ಗೋಣಿತಟ್ಟಿನ ಕೆಳಗೆ, ಬುಟ್ಟಿ ತುಂಬ ಅಲ್ಲ ಮುಂಜಾನೆಯಿಂದ ಸುಮ್ಮನೆ ಕೂತಿತ್ತು.

ಬೇಗಂ ಕುದಿಸಿಕೊಟ್ಟ ಅಲ್ಲದ ನೀರು ಯಂಕಮ್ಮನ ಹೊಟ್ಟೆಯಲ್ಲಿ ನಿಂತಿತು. ಹಿಂದೆಯೇ ಹೋದ ಗಂಜಿಯೂ ನಿಂತಿತು. ಮುದುಕಪ್ಪ ಕೈಮುಗಿಯಲು ಹೋದ, ಅಷ್ಟರಲ್ಲಿ ಅವನ ಹೊಟ್ಟೆಯಲ್ಲಿ ತುಳಸಿ, ನೆಲ್ಲಿ, ಅಮೃತಬಳ್ಳಿಗಳಿಗೆ ಜಗಳ ಹತ್ತಿತು. ಬಚ್ಚಲಿಗೆ ಓಡಿದ.

"ಏನು ಬೇಕ್ರೀ?" ಯಂಕಮ್ಮನಿಗೆ ಈಗ ದನಿ ಬಂದಿತ್ತು. "ತುಳಸಿ ರಸ?"

"ಅಲ್ಲ..."

"ನೆಲ್ಲಿಕಾಯಿ?"

"ಅಲ್ಲ!"

"ಶರಣಯ್ಯನೋರ, ಮಲ್ಲಟಕ್ಕ ಬಸ್ ಅದಾವೇನು ನೋಡ್ರಿ."

ಗೋಪಮ್ಮ ಸೆರಗು ಬಾಯಿಗೆ ಒತ್ತಿ ನಕ್ಕಳು. ಮುದುಕಪ್ಪ ಗೋಡೆ ಹಿಡಿದು ಬಂದು ಚಾಪೆಯ ಅಂಚಿಗೆ ಕುಸಿದ. ಯಂಕಮ್ಮ ತಾನು ಉಳಿಸಿಟ್ಟಿದ್ದ ಅರ್ಧ ಲೋಟ ಅಲ್ಲದ ನೀರನ್ನು ಅವನ ಕೈಗೆ ಕೊಟ್ಟಳು.