‘ಚಾಲೂ’ ಎಂಬ ಶಬ್ದದ ಅರ್ಥ ಸ್ಪಷ್ಟಪಡಿಸುವಂತೆ ಕೋರಿ

ಇಂದ:
ಗುರುದತ್ತ ಹೊಸಮನಿ,
ಸುರಕ್ಷತಾ ಸಹಾಯಕ, ರಾಸಾಯನಿಕ ಕಾರ್ಖಾನೆ,
ದುವ್ವಾಡ, ವಿಶಾಖಪಟ್ಟಣ (ಮೂಲತಃ ಗದಗ).

ಗೆ:
ಶ್ರೀ ಚಂದ್ರಮೌಳಿಯವರು,
ನಿವೃತ್ತ ಬ್ಯಾಂಕ್ ಮ್ಯಾನೇಜರ್ ಹಾಗೂ ಕುಮಾರಿ ಶ್ರಾವಣಿಯ ತಂದೆ,
ವಿಜಯವಾಡ (ಮೂಲತಃ ಮೈಸೂರು).

ವಿಷಯ: ಇನ್ವರ್ಟರ್ ಬ್ಯಾಟರಿ ಬದಲಿಸುವ ಬಗ್ಗೆ, ಹಾಗೂ ಕೈತಪ್ಪಿದ ಸಂಬಂಧವನ್ನು ಮರುಪರಿಶೀಲಿಸುವ ಬಗ್ಗೆ.

ಉಲ್ಲೇಖ: (೧) ಕಳೆದ ಭಾನುವಾರ ಗೇಟಿನ ಬಳಿ ತಾವು ಆಡಿದ ಮಾತು: "ಏನಿದ್ರೂ ಬರವಣಿಗೇಲಿ ಕೊಡಿ, ನೋಡೋಣ."
(೨) ಅದೇ ಗೇಟಿನ ಬಳಿ ಕುಮಾರಿ ಶ್ರಾವಣಿಯವರ ಮೌಖಿಕ ಹೇಳಿಕೆ: "ಚಾಲೂ."

ಮಾನ್ಯರೇ,

ಸದರಿ ಅರ್ಜಿದಾರನು ಸವಿನಯ ವಿನಂತಿಸಿಕೊಳ್ಳುವುದೇನೆಂದರೆ ('ನಾನು' ಎಂದು ಬರೆದರೆ ಅರ್ಜಿಯಂತೆ ಕಾಣದ ಕಾರಣ ಇಲ್ಲಿಂದ ಮುಂದೆ 'ಅರ್ಜಿದಾರ' ಎಂದೇ ಬರೆಯಲಾಗಿದೆ):

೧. ಆಟೋನಗರ್‌ನ ಸರ್ವಿಸ್ ಅಂಗಡಿಗೆ ತಪಾಸಣೆಗೆಂದು ಕೊಟ್ಟಿದ್ದ ಕಾರ್ಖಾನೆಯ ಎರಡು ಗ್ಯಾಸ್ ಡಿಟೆಕ್ಟರ್‌ಗಳನ್ನು ಬಿಡಿಸಿಕೊಂಡು ಬರಲು ಅರ್ಜಿದಾರನನ್ನು ವಿಜಯವಾಡಕ್ಕೆ ಕಳಿಸಲಾಗಿತ್ತು. ಇದನ್ನು ಕೇಳಿದ ಅವನ ತಾಯಿ ಗದಗಿನಿಂದ ಫೋನು ಮಾಡಿ, "ಹೆಂಗೂ ಹೊಂಟೀದಿ, ಆ ಕನ್ಯಾನೂ ನೋಡ್ಕೊಂಡು ಬಾ" ಎಂದರು. ಆದ್ದರಿಂದ, ಹಿರಿಯರ ಸ್ಥಾನಕ್ಕೆ ತನಗಿಂತ ಕಿರಿಯ, ತೆಲುಗು ಬಲ್ಲ ಸಹೋದ್ಯೋಗಿ ಲಿಂಗರಾಜುವನ್ನು ನೇಮಿಸಿಕೊಂಡು, ಅರ್ಜಿದಾರ ತಮ್ಮ ಮನೆಗೆ ಹಾಜರಾದ.

೨. ಸದರಿ ಡಿಟೆಕ್ಟರ್ ಎಂದರೆ ಅಂಗೈಯಲ್ಲಿ ಹಿಡಿಸುವ ಒಂದು ಹಳದಿ ಪೆಟ್ಟಿಗೆ. ಎದೆಗೆ ಸಿಕ್ಕಿಸಿಕೊಂಡರೆ, ಗಾಳಿಯಲ್ಲಿ ವಿಷಾನಿಲ ಬೆರೆತಾಗ ಇಲ್ಲವೇ ಆಮ್ಲಜನಕ ಕಡಿಮೆಯಾದಾಗ ಕಿರುಚುತ್ತದೆ, ಮಿನುಗುತ್ತದೆ, ನಡುಗುತ್ತದೆ. ಕಾರ್ಖಾನೆಯಲ್ಲಿ ಅದಿಲ್ಲದೆ ಟ್ಯಾಂಕಿನೊಳಗೆ ಯಾರನ್ನೂ ಇಳಿಸುವಂತಿಲ್ಲ. ಒಂದು ಡಿಟೆಕ್ಟರ್ ಚೀಲದಲ್ಲಿತ್ತು. ಇನ್ನೊಂದು ಅಭ್ಯಾಸಬಲದಿಂದ ಅರ್ಜಿದಾರನ ಹೊಸ ಕೋಟಿನ ಮೇಲಿತ್ತು. ಅದನ್ನು ಕಂಡ ತಮ್ಮ ಶ್ರೀಮತಿ ಅನಸೂಯಮ್ಮನವರು ಲಿಂಗರಾಜುವನ್ನು ಪಕ್ಕಕ್ಕೆ ಕರೆದು, ಹುಡುಗನಿಗೆ ಹೃದಯದ ತೊಂದರೆಯೇನಾದರೂ ಇದೆಯೇ ಎಂದು ತೆಲುಗಿನಲ್ಲಿ ವಿಚಾರಿಸಿದರಂತೆ. 'ಹೃದಯ' ಎಂಬಷ್ಟನ್ನೇ ಕೇಳಿಸಿಕೊಂಡ ಲಿಂಗರಾಜು, ಹೊಗಳಬೇಕಾದ ಜಾಗ ಇದೇ ಎಂದುಕೊಂಡು, "ಚಾಲಾ ಪೆದ್ದ ಗುಂಡೆ ಅಂಡಿ" ಎಂದರು. ಅಂದರೆ, ಬಹಳ ದೊಡ್ಡ ಹೃದಯ. ಅರ್ಜಿದಾರನ ಹೃದಯ ಸಾಧಾರಣ ಗಾತ್ರದ್ದೆಂದು ಈ ಮೂಲಕ ದೃಢೀಕರಿಸಲಾಗಿದೆ. ವೈದ್ಯರ ಪತ್ರ ಲಗತ್ತಿಸಿದೆ.

೩. ತಮ್ಮ ಮನೆಯ ಹಾಲ್‌ನಲ್ಲಿ ಒಂದು ವಾಸನೆ ಇತ್ತು. ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ತಾವು ಲಿಂಗರಾಜುವಿನ ಕಾಲುಚೀಲ ನೋಡಿದಿರಿ. ಲಿಂಗರಾಜು ಅರ್ಜಿದಾರನನ್ನು ನೋಡಿದರು. ಅನಸೂಯಮ್ಮನವರು ಇನ್ನೊಂದು ಊದುಬತ್ತಿ ಹಚ್ಚಿದರು. ತಮ್ಮ ತಾಯಿ ಇಂದಿರಮ್ಮನವರು ಮಾತ್ರ, "ಬೆಳಗ್ಗಿಂದ ಹೇಳ್ತಾನೇ ಇದೀನಿ, ನನ್ನ ಮಾತು ಯಾರು ಕೇಳ್ತಾರೆ" ಎಂದರು. ಅದನ್ನೂ ಯಾರೂ ಕೇಳಲಿಲ್ಲ.

೪. ಕುಮಾರಿ ಶ್ರಾವಣಿಯವರು ಕಾಫಿ ತಟ್ಟೆ ಹಿಡಿದು ಸೋಫಾದ ಹತ್ತಿರ ಬಂದರು. ಅರ್ಜಿದಾರ ಲೋಟ ತೆಗೆದುಕೊಳ್ಳಲು ಸೋಫಾದ ಹಿಂದಿನ ಮೂಲೆಯತ್ತ ವಾಲಿದ್ದೇ ತಡ, ಅವನ ಎದೆ ಕಿರುಚತೊಡಗಿತು. ಆ ಹೊತ್ತಿಗೆ ಯಾವ ಎದೆಯಾದರೂ ಕಿರುಚುವುದೇ. ಆದರೆ ಪೆಟ್ಟಿಗೆ ತೋರಿಸುತ್ತಿದ್ದುದು ಹೈಡ್ರೋಜನ್ ಸಲ್ಫೈಡ್ ಅನಿಲ, ಅದೂ ಎಚ್ಚರಿಕೆಯ ಮಿತಿ ದಾಟಿ.

"ಎಲ್ಲಾರೂ ಹೊರಗ ನಡೀರಿ! ಏನೂ ತಗೋಬ್ಯಾಡ್ರಿ!"

"ನನ್ನ ಕಾಫಿ?" ಎಂದರು ಇಂದಿರಮ್ಮನವರು.

"ಕಾಫೀನೂ ಬ್ಯಾಡ್ರಿ, ಅಜ್ಜಿ!"

"ಏನ್ರೀ ಇದು, ಯಾಕ್ರೀ?" ಎಂದು ತಾವು ಕೇಳಿದಿರಿ.

"ಕೊಳತ ತತ್ತಿ ವಾಸನಿ ಬರಾಕತ್ತೈತ್ರಿ!"

'ತತ್ತಿ' ಎಂದರೆ ಮೊಟ್ಟೆ ಎಂದು ಲಿಂಗರಾಜು ಎಲ್ಲರಿಗೂ ತಿಳಿಸಿಕೊಡುವ ಅಗತ್ಯವಿರಲಿಲ್ಲ. ಕೊಟ್ಟದ್ದು ತಪ್ಪಾಯಿತು. "ನಮ್ಮನೇಲಿ ಮೊಟ್ಟೇನಾ!" ಎಂಬ ಅನಸೂಯಮ್ಮನವರ ಕೂಗು ಡಿಟೆಕ್ಟರ್‌ಗಿಂತ ಜೋರಾಗಿತ್ತು.

೫. ಅರ್ಜಿದಾರ ಮತ್ತು ಲಿಂಗರಾಜು ಸೇರಿ ಇಂದಿರಮ್ಮನವರನ್ನು ಕುರ್ಚಿ ಸಮೇತ ಎತ್ತಿಕೊಂಡು ಬೀದಿಗೆ ತಂದರು. ಕರವಸ್ತ್ರ ಎತ್ತಿ ಹಿಡಿದು ಗಾಳಿಯ ದಿಕ್ಕು ನೋಡಿ, ಎಲ್ಲರನ್ನೂ ಗಾಳಿ ಬರುವ ಕಡೆಗೆ ಸಾಲಾಗಿ ನಿಲ್ಲಿಸಲಾಯಿತು. ಎದುರು ಮನೆಯ ಸೂರ್ಯಕಾಂತಮ್ಮನವರು ಇದನ್ನು ಕನ್ನಡದವರ ಮದುವೆ ಶಾಸ್ತ್ರವೆಂದು ತಿಳಿದು ತಾವೂ ಸಾಲಿನಲ್ಲಿ ಬಂದು ನಿಂತರು. ಕುರ್ಚಿಯ ಮೇಲಿದ್ದ ಇಂದಿರಮ್ಮನವರು, "ನನ್ನ ಮದುವೇಲೂ ಹಿಂಗ್ಯಾರೂ ಎತ್ತಿರಲಿಲ್ಲ" ಎಂದು ಸಂತೋಷಪಟ್ಟರು.

ಮನೆ ಒಳಗೆ ಗಾಳಿಯಾಡುವವರೆಗೆ ಬೀದಿಯ ಗಾಳಿಯನ್ನೂ ನೋಡುತ್ತಿರಬೇಕಾದ ಕಾರಣ, ಅರ್ಜಿದಾರ ಚೀಲದಲ್ಲಿದ್ದ ಎರಡನೆಯ ಡಿಟೆಕ್ಟರನ್ನು ಕುಮಾರಿ ಶ್ರಾವಣಿಯವರಿಗೆ ಕೊಟ್ಟು, ಹೀಗೆ ಹೇಳಿಕೊಟ್ಟ: "ಈ ಬಟನ್ ಒತ್ತಿ ಹಿಡೀರಿ. ಹಸರ ಲೈಟ್ ಬಂದ್ರ ಚಾಲೂ ಆತು ಅಂತ." ಅವರು ಒತ್ತಿದರು. ಹಸಿರು ದೀಪ ಬಂತು. ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಬೇಕು.

೬. ಆಮೇಲೆ ಅರ್ಜಿದಾರ ಒಳಹೋಗಿ ನೋಡಲಾಗಿ, ಸೋಫಾದ ಹಿಂದಿದ್ದ ಇನ್ವರ್ಟರ್ ಬ್ಯಾಟರಿ ಊದಿಕೊಂಡು, ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಚಾರ್ಜ್ ಮಿತಿಮೀರಿ ಅದು ಅನಿಲ ಉಗುಳುತ್ತಿತ್ತು. ಅದನ್ನು ಆರಿಸಿದಾಗ ಫ್ಯಾನುಗಳೂ ನಿಂತವು. ತಾವು, "ಹನ್ನೊಂದು ವರ್ಷದಿಂದ ಒಂದಿನ ಕೈಕೊಟ್ಟಿಲ್ಲ ನನ್ನ ಇನ್ವರ್ಟರ್. ನೀವು ಬಂದು ಹತ್ತು ನಿಮಿಷಕ್ಕೆ ಕೆಟ್ಟುಹೋಯ್ತಾ?" ಎಂದಿರಿ. ಅರ್ಜಿದಾರನಿಗೆ ಉತ್ತರ ಗೊತ್ತಿತ್ತು. ಮಾವನಾಗಲಿರುವವರ ಎದುರು ಬಾಯಿ ಬರಲಿಲ್ಲ.

೭. ಆ ಕೋಪದಲ್ಲೇ ತಾವು ಬೀದಿಯಲ್ಲಿ, ಎಲ್ಲರ ಎದುರು, ಮಗಳನ್ನು ಕೇಳಿದಿರಿ: "ಏನಮ್ಮಾ, ಹುಡುಗ ಹೇಗೆ?"

ಕುಮಾರಿ ಶ್ರಾವಣಿಯವರು ಕೈಯಲ್ಲಿದ್ದ ಪೆಟ್ಟಿಗೆ ನೋಡಿದರು. ಅರ್ಜಿದಾರನನ್ನು ನೋಡಿದರು. "ಚಾಲೂ" ಎಂದರು.

ವಿಜಯವಾಡದಲ್ಲೇ ಹುಟ್ಟಿ ಬೆಳೆದ ಮಗಳ ಬಾಯಲ್ಲಿ ಬಂದದ್ದು ತೆಲುಗೆಂದು ತಿಳಿದ ತಾವು, 'ಸಾಕು' ಎಂದು ಅರ್ಥ ಮಾಡಿಕೊಂಡಿರಿ. ಅನಸೂಯಮ್ಮನವರು ಮೈಸೂರಿನ ಕಡೆಯ ಅರ್ಥ ಹಿಡಿದು, "ನಂಗೂ ಹಾಗೇ ಅನ್ನಿಸ್ತು, ಭಾರಿ ಚಾಲೂ, ಕಿಲಾಡಿ" ಎಂದರು. ಗೇಟು ಮುಚ್ಚಿತು. ಆದರೆ ಗದಗಿನಲ್ಲಿ 'ಚಾಲೂ' ಎಂದರೆ ಶುರುವಾಗಿದೆ, ನಡೆಯುತ್ತಿದೆ, ಹಸಿರು ದೀಪ ಬಂದಿದೆ ಎಂದು. ಕುಮಾರಿ ಶ್ರಾವಣಿಯವರಿಗೆ ಆ ಅರ್ಥ ಕಲಿಸಿ ಐದು ನಿಮಿಷವೂ ಆಗಿರಲಿಲ್ಲ.

೮. ಇದಲ್ಲದೆ, ಬಿಟ್ಟುಬಂದಿದ್ದ ಚಪ್ಪಲಿಗೆಂದು ಲಿಂಗರಾಜು ವಾಪಸು ಹೋದಾಗ ತಮ್ಮ ಹಾಲ್‌ನಲ್ಲಿ ಅದೇ ಇನ್ವರ್ಟರಿನ ಗುಂಯ್ ಶಬ್ದ ಮತ್ತೆ ಕೇಳಿಸಿತಂತೆ. ಈ ಅನಿಲದ ದೊಡ್ಡ ಮೋಸವೆಂದರೆ ಹೆಚ್ಚಾದಾಗ ಮೂಗನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು, ಸರಿಹೋಯಿತು ಎಂದುಕೊಂಡವರು ಏಳುವುದಿಲ್ಲ. ಸೋಫಾದ ಪಕ್ಕದ ಕೋಣೆಯಲ್ಲಿ ಇಂದಿರಮ್ಮನವರೂ ಕುಮಾರಿ ಶ್ರಾವಣಿಯವರೂ ಮಲಗುತ್ತಾರೆ. ಕಾರಣ, ಅರ್ಜಿದಾರ ಅಂದಿನಿಂದ ಮಲಗಿಲ್ಲ.

ಆದ್ದರಿಂದ ಪ್ರಾರ್ಥನೆ:

(ಅ) ತಾವು ಹುಡುಗಿ ಕೊಟ್ಟರೂ ಸರಿ, ಕೊಡದಿದ್ದರೂ ಸರಿ, ಮೊದಲು ಆ ಬ್ಯಾಟರಿ ತೆಗೆಸಬೇಕು.
(ಆ) 'ಚಾಲೂ' ಎಂಬುದನ್ನು ಯಾವ ಭಾಷೆಯಲ್ಲಿ ಹೇಳಲಾಯಿತೆಂದು ಹೇಳಿದವರಿಂದಲೇ ಸ್ಪಷ್ಟಪಡಿಸಬೇಕು.
(ಇ) ಕಾರ್ಖಾನೆಯ ಲೆಕ್ಕದಲ್ಲಿ ಒಂದು ಡಿಟೆಕ್ಟರ್ ಕಡಿಮೆ ಬಂದಿರುವುದರಿಂದ, ಕುಮಾರಿ ಶ್ರಾವಣಿಯವರ ಬಳಿ ಉಳಿದಿರುವುದನ್ನು ಹಿಂದಿರುಗಿಸಬೇಕು. ಹಳೆಯ ಬ್ಯಾಟರಿ ಮನೆಯಿಂದ ಹೊರಗೆ ಹೋಗುವವರೆಗೆ ಹಿಂದಿರುಗಿಸಬಾರದು.

ಇಂತಿ,
ಗಾಳಿ ಬರುವ ಕಡೆಗೇ ಮುಖಮಾಡಿ ನಿಂತಿರುವ
ತಮ್ಮ ವಿಶ್ವಾಸಿ,
ಗುರುದತ್ತ ಹೊಸಮನಿ

ಲಗತ್ತುಗಳು: (೧) ಡಿಟೆಕ್ಟರಿನ ತಪಾಸಣಾ ಪ್ರಮಾಣಪತ್ರ. (೨) ಹೃದಯದ ಗಾತ್ರದ ಬಗ್ಗೆ ವೈದ್ಯರ ಪತ್ರ. (೩) ಲಿಂಗರಾಜುವಿನ ಕ್ಷಮಾಪಣೆ, ತೆಲುಗಿನಲ್ಲಿ.

ತಾ.ಕ.: ಈ ಅರ್ಜಿಯನ್ನು ಲಕೋಟೆಗೆ ಹಾಕುವಷ್ಟರಲ್ಲಿ ಅರ್ಜಿದಾರನಿಗೆ ಫೋನು ಬಂತು.

"ಏಮಂಡೀ, ನಾನು ಶ್ರಾವಣಿ. ನಿಮ್ಮ ಮಷೀನ್ ಕೂಗ್ತು."

"ಎಲ್ಲಿದ್ದೀರಿ? ಮೊದಲ ಹೊರಗ ಬರ್ರಿ!"

"ಬಂದಾಯ್ತು. ಎಲ್ಲಾರ್ನೂ ನಾನೇ ಹೊರಗೆ ಹಾಕ್ದೆ. ಕರ್ಚೀಫ್ ಹಿಡಿದು ಗಾಳಿನೂ ನೋಡ್ದೆ. ಅಜ್ಜಿ ಈ ಸಲ ಕಾಫಿ ತಗೊಂಡೇ ಬಂದ್ರು."

ಹಿಂದಿನಿಂದ ತಮ್ಮ ಧ್ವನಿ ಸ್ಪಷ್ಟವಾಗಿ ಕೇಳಿಸಿತು: "ಬ್ಯಾಟರಿ ಊದ್ಕೊಂಡಿದೆ ಅಂತ ಅವತ್ತೇ ಬಾಯಿಬಿಟ್ಟು ಹೇಳೋಕೇನಾಗಿತ್ತಂತೆ ಅವನಿಗೆ!"

"ಬ್ಯಾಟರಿ ಈಗ ಆಟೋ ಹತ್ತಿ ಹೋಯ್ತಂಡಿ" ಎಂದರು ಶ್ರಾವಣಿಯವರು. "ಈ ಮಷೀನ್ ಏನ್ ಮಾಡ್ಲಿ, ಆಫ್ ಮಾಡ್ಲಾ?"

"ನಿಮಗ ಹೆಂಗ ಅನಸ್ತದ?"



"ಚಾಲೂನೇ ಇರ್ಲಿ."

ತೆಲುಗಿನ ಹೆಣ್ಣುಮಕ್ಕಳು 'ಏಮಂಡೀ' ಎಂದು ಅಪರಿಚಿತರನ್ನೂ ಕರೆಯುತ್ತಾರೆ, ಗಂಡನನ್ನೂ ಕರೆಯುತ್ತಾರೆ ಎಂದು ಲಿಂಗರಾಜು ತಿಳಿಸಿದ್ದಾರೆ. ಈ ಬಗ್ಗೆ ಅರ್ಜಿದಾರ ಹೊಸ ಸ್ಪಷ್ಟೀಕರಣ ಕೋರುತ್ತಿಲ್ಲ. ಪ್ರಾರ್ಥನೆ (ಅ) ಈಡೇರಿದೆ. ಪ್ರಾರ್ಥನೆ (ಆ)ಕ್ಕೆ ಉತ್ತರ ಬಂದಿದೆ. ಉಳಿದಿರುವುದು (ಇ) ಒಂದೇ. ಅದರಲ್ಲಿ 'ಹಿಂದಿರುಗಿಸಬೇಕು' ಎಂಬುದರ ಮೊದಲು 'ಧರಿಸಿದವರ ಸಮೇತ' ಎಂದು ಸೇರಿಸಿ ಓದಿಕೊಳ್ಳಬೇಕಾಗಿ ಕೋರಿಕೆ.