ಬೆಟ್ಟ ಹತ್ತಬೇಕಾದ ಕಾರು, ಹೊರಗೆ ಬಾರದ ಬೋಲ್ಟು

ಹಳೇ ಕಾರನ್ನು ಮನೆ ಮುಂದೆ ನಿಲ್ಲಿಸಿಕೊಂಡವನು ಬೆಚ್ಚಿಬೀಳಲು ಬೇರೆ ಕಾರಣ ಹುಡುಕಬೇಕಿಲ್ಲ, ವಾರಕ್ಕೊಂದು ತಾನಾಗಿ ಒದಗಿ ಬರುತ್ತದೆ. ತೊಂಬತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆಯಲ್ಲಿ ಮನೆ ಮಾಡಿಕೊಂಡು ಚಾಮರಾಜನಗರದ ಆಫೀಸಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ಗುಮಾಸ್ತ. ಅಂಥವನಿಗೆ ಕಾರು ಯಾಕೆ ಎಂದು ಬೀದಿಯೆಲ್ಲ ಕೇಳಿತು. ಊಟಿ ಕಡೆಯ ಎಸ್ಟೇಟಿನಲ್ಲಿ ಯಾವುದೋ ಕಾಲದ ಬಿಳಿ ದೊರೆಯೊಬ್ಬ ಇಂಗ್ಲೆಂಡಿನಿಂದ ಮರದ ಪೆಟ್ಟಿಗೆಗಳಲ್ಲಿ ಬಿಡಿಭಾಗ ತರಿಸಿ, ಪುಸ್ತಕ ನೋಡಿಕೊಂಡು ತಾನೇ ಜೋಡಿಸಿದ್ದ ಎರಡು ಸೀಟಿನ ಕಾರು ಅದು. ಟೀ ಪುಡಿಯ ಗೋಡೌನಿನಲ್ಲಿ ಧೂಳು ತಿನ್ನುತ್ತಿದ್ದುದನ್ನು ಕಂಡು ನನಗೆ ಮೋಹ ಹತ್ತಿತು. ಲಾರಿಯಲ್ಲಿ ಹೇರಿಕೊಂಡು ಬಂದೆ.

ನನ್ನ ಹೆಂಡತಿ ಅದನ್ನು ಒಂದು ಸುತ್ತು ನೋಡಿ ಕಟ್ಟಪ್ಪಣೆ ಮಾಡಿದಳು. ದೀಪಾವಳಿಯೊಳಗೆ ಇದು ಅವಳನ್ನು ಕೂರಿಸಿಕೊಂಡು ಗೋಪಾಲಸ್ವಾಮಿ ಬೆಟ್ಟ ಹತ್ತಬೇಕು, ಇಲ್ಲವಾದರೆ ಗುಜರಿಯವನು ಬಂದು ಎತ್ತಿಕೊಂಡು ಹೋಗಬೇಕು. ಎಂಜಿನ್ ಹೇಗೋ ಉಸಿರಾಡಿತು. ತೊಂದರೆ ಇದ್ದದ್ದು ಮುಂದಿನ ಚಕ್ರಗಳ ಹಿಂದೆ. ಸ್ಪ್ರಿಂಗು, ಅದನ್ನು ಹಿಡಿದಿದ್ದ ಕಬ್ಬಿಣದ ತೋಳು, ಎಲ್ಲ ತುಕ್ಕು ಹಿಡಿದು ಕೂತಿದ್ದವು. ಅವನ್ನು ಬಿಚ್ಚಿ ಸರಿಮಾಡದೆ ಕಾರು ಗೇಟು ದಾಟುವಂತಿರಲಿಲ್ಲ. ಆ ದೊರೆಯೋ, ಮೊದಲು ಬೋಲ್ಟು ಬಿಗಿದು ಆಮೇಲೆ ಅದರ ಮೇಲೆ ಬಾಡಿ ಕೂರಿಸಿದ್ದ. ಮುಂದೆ ಯಾರಾದರೂ ಬಿಚ್ಚಬೇಕಾದೀತು ಎಂದು ಪುಣ್ಯಾತ್ಮ ಯೋಚಿಸಿರಲಿಲ್ಲ.

೧. ಸುತ್ತಿಗೆ

ಬೇಗೂರಿನಿಂದ ಲಾರಿ ಮೆಕ್ಯಾನಿಕ್ ಒಬ್ಬನನ್ನು ಕರೆಸಿದೆ. ಅವನು ಕಾರಿನ ಅಡಿಗೆ ನುಸುಳಿ, ತೋಳಿನ ಬೋಲ್ಟು ಎಲ್ಲಿದೆಯೆಂದು ಕಾಣುವುದೇ ಇಲ್ಲ ಎಂದು ಹೊರಬಂದ. ತಗಡು ಎಷ್ಟು ದಪ್ಪ ಇದೆ ನೋಡೋಣವೆಂದು ಚಕ್ರದ ಗೂಡಿನ ಒಳಗೋಡೆಗೆ ಸುತ್ತಿಗೆಯಿಂದ ಒಂದು ಏಟು ಹಾಕಿದ. ಲಾರಿಗೆ ಹಾಕುವಂಥ ಏಟು. ಸುತ್ತಿಗೆ ಒಳಗೇ ಹೋಯಿತು.

ಅವನು ಹಿಡಿ ಬಿಟ್ಟು ಹಿಂದೆ ಸರಿದು ನಿಂತ. ಕಾರಿನ ಮೈ ಫೈಬರಿನದು ಎಂದು ಅವನಿಗೆ ಗೊತ್ತಿರಲಿಲ್ಲ, ಹೇಳಬೇಕೆಂದು ನನಗೆ ತೋಚಿರಲಿಲ್ಲ. ಬಾಗಿಲಲ್ಲಿದ್ದ ನನ್ನ ಹೆಂಡತಿ, ಇದಕ್ಕೆ ಮೆಕ್ಯಾನಿಕ್ ಆಗುವುದಿಲ್ಲ, ನೀರಿನ ಟ್ಯಾಂಕಿಗೆ ತೇಪೆ ಹಾಕುವವರನ್ನು ಕರೆಸಿ ಎಂದು ಹೇಳಿ ಒಳಗೆ ಹೋದಳು.

ಮೆಕ್ಯಾನಿಕ್ ಮೆಲ್ಲಗೆ ಸುತ್ತಿಗೆ ಎಳೆದುಕೊಂಡು, ತೂತಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದ. ಆಮೇಲೆ ಅವನ ಮುಖ ಅರಳಿತು.

"ಬೋಲ್ಟು ಇಲ್ಲೇ ಅದ ಬನ್ನಿ ಸಾ. ಇನ್ನೊಂದು ಏಟು ಆಕಿದ್ರ ಕೈಯೂ ಓಯ್ತದ."

೨. ಸ್ಪ್ರಿಂಗು

ಅದುಮಿ ಕೂರಿಸಿದ ಸ್ಪ್ರಿಂಗನ್ನು ಬಿಚ್ಚುವಾಗ ಕೆಳಗೆ ಜಾಕ್ ಕೊಟ್ಟು ನಿಧಾನವಾಗಿ ಇಳಿಸಬೇಕು. ನಾವು ನಿಧಾನವಾಗಿಯೇ ಇಳಿಸಿದೆವು. ಅದಕ್ಕೆ ಮಾತ್ರ ನಿಧಾನವಿರಲಿಲ್ಲ. ಟಣ್ ಎಂದದ್ದು ಕೇಳಿತು, ಏನೋ ಕಪ್ಪಗೆ ಕಾಂಪೌಂಡು ದಾಟಿತು, ಎದುರು ಮನೆಯ ಹೆಂಚು ಒಡೆದ ಸದ್ದಾಯಿತು.

ಆ ಮನೆಯಲ್ಲಿ ಒಬ್ಬ ಅಜ್ಜಿ ಇಡೀ ಹಗಲು ಅಡುಗೆಮನೆಯಲ್ಲೇ ಕೂತಿರುತ್ತಿದ್ದರು. ಯಾವ ದೇವರಿಗೆ ಏನು ಹರಕೆ ಹೊತ್ತೆನೋ ನೆನಪಿಲ್ಲ, ಓಡಿದೆ. ಬಾಗಿಲು ತಳ್ಳಿದರೆ ಅಜ್ಜಿ ಹಿತ್ತಲಿನಿಂದ ಸೆರಗಿಗೆ ಕೈ ಒರೆಸಿಕೊಂಡು ಬಂದರು. ಕೂದಲೂ ಕೊಂಕಿರಲಿಲ್ಲ. ನಾನು ತೊದಲುತ್ತ ವಿಷಯ ಹೇಳಿದ್ದಕ್ಕೆ, ಬಾ ಎಂದು ಅಡುಗೆಮನೆಗೆ ಕರೆದುಕೊಂಡು ಹೋದರು. ಸೂರಿನಲ್ಲಿ ತೂತು. ಅದರ ನೇರ ಕೆಳಗೆ ನಮ್ಮ ಸ್ಪ್ರಿಂಗು. ಅಷ್ಟರಲ್ಲೇ ಅದರ ಮೇಲೆ ನೀರಿನ ಮಡಕೆ ಕೂತಾಗಿತ್ತು.

"ಈ ಗುಂಡು ಮಡಕ ಇಷ್ಟು ವರ್ಸದಲ್ಲಿ ಒಂದಿನವೂ ಇಂಗ ಅಲ್ಲಾಡ್ದೆ ಕೂತಿರ್ನಿಲ್ಲ ಕಣಪ್ಪ. ಅದು ನಿಂದಾದ್ರ, ಇಂತದ್ದೇ ಇನ್ನೊಂದ ತಂದ್ಕೊಡು," ಎಂದರು.

ಹೆಂಚು ಒಡೆದವನಿಗೆ ಚೌಕಾಸಿ ಮಾಡುವ ಮುಖವೆಲ್ಲಿ? ನಮ್ಮ ಮನೆಯಿಂದ ಹಿತ್ತಾಳೆಯ ಸ್ಟ್ಯಾಂಡೊಂದನ್ನು ಸದ್ದಿಲ್ಲದೆ ಒಯ್ದು ಕೊಟ್ಟು ಸ್ಪ್ರಿಂಗು ಬಿಡಿಸಿಕೊಂಡು ಬಂದೆ. ಸಂಜೆ ನನ್ನ ಹೆಂಡತಿ ಅಜ್ಜಿಯನ್ನು ವಿಚಾರಿಸಲು ಹೋದಳು. ಅವರ ಮಡಕೆಯ ಕೆಳಗೆ ತನ್ನ ತಾಯಿಯ ಹೆಸರು ಕೆತ್ತಿದ ಸ್ಟ್ಯಾಂಡು ಕಂಡು ಅವಳು ಹೇಗೆ ನಿಂತಳೋ ನಾನು ನೋಡಲಿಲ್ಲ. ಮನೆಗೆ ಬಂದು ಹೇಳಿದ್ದು ಇಷ್ಟೇ. "ಸ್ಪ್ರಿಂಗು, ಸ್ಟ್ಯಾಂಡು ಎರಡನ್ನೂ ಮನೆಗೆ ಕಳಿಸಿ, ನೀವು ಅಲ್ಲೇ ಮಡಕೆ ಹಿಡ್ಕೊಂಡು ಕೂತಿರಬಹುದಿತ್ತು."

೩. ಆಯುಧಪೂಜೆ

ಇನ್ನು ಉಳಿದದ್ದು ತೋಳಿನ ಬೋಲ್ಟು. ಆಯುಧಪೂಜೆಯ ಹಿಂದಿನ ದಿನ ಮೆಕ್ಯಾನಿಕ್ ಹೇಗೋ ಒದ್ದಾಡಿ ಅದರ ನಟ್ಟು ಬಿಚ್ಚಿ, ಬೋಲ್ಟು ಹಬ್ಬ ಕಳೆದ ಮೇಲೆ ಎಂದು ಹೋಗಿದ್ದ. ಹಬ್ಬದ ಬೆಳಿಗ್ಗೆ ನನ್ನ ಹೆಂಡತಿ ಸ್ಪ್ಯಾನರು, ಗರಗಸ, ಜಾಕ್ ಎಲ್ಲ ತೊಳೆದು ಹಲಗೆಯ ಮೇಲೆ ಸಾಲಾಗಿಟ್ಟು, ವಿಭೂತಿ ಕುಂಕುಮ ಹಚ್ಚಿ, ಹೂವಿಟ್ಟು ಮಂಗಳಾರತಿ ಮಾಡಿದಳು. ಕಾರಿಗೂ ಹಾರ ಬಿತ್ತು.

ನನಗೆ ತಡೆಯಲಾಗಲಿಲ್ಲ. ಆಯುಧ ಮುಟ್ಟಬಾರದು, ಬೆರಳಿಗೇನು ಎಂದುಕೊಂಡು ಅಡಿಗೆ ಹೋಗಿ, ಮೆಕ್ಯಾನಿಕ್ ಮಾಡಿದ್ದ ತೂತಿನೊಳಗೆ ಕೈ ತೂರಿಸಿದೆ. ಬೋಲ್ಟು ಬೆಣ್ಣೆಯಂತೆ ಜಾರಿ ಅಂಗೈಗೆ ಬಂತು. ಕೈ ಮಾತ್ರ ಬರಲಿಲ್ಲ. ಒಳಕ್ಕೆ ಮಡಚಿದ್ದ ಫೈಬರಿನ ಅಂಚು ಮಣಿಕಟ್ಟಿಗೆ ಕಚ್ಚಿಕೊಂಡಿತ್ತು. ಬೋಲ್ಟು ಬಿಟ್ಟರೆ ಚಾಸಿಯ ಕೊಳವೆಯೊಳಗೆ ಬೀಳುತ್ತಿತ್ತು, ಅಂಥದ್ದು ಈ ದೇಶದಲ್ಲಿ ಇನ್ನೊಂದಿಲ್ಲ, ದೀಪಾವಳಿ ಹತ್ತಿರದಲ್ಲೇ ಇತ್ತು. ಬಿಡಲಿಲ್ಲ.

ಕೂಗಿದೆ. ನನ್ನ ಹೆಂಡತಿ ಬಗ್ಗಿ ನೋಡಿ ಹೌಹಾರಿದಳು. ಗರಗಸ ತಾ, ಅಂಚು ಕೊಯ್ಯಿ ಎಂದೆ. ಅವಳು ಹಲಗೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಪೂಜೆಗಿಟ್ಟದ್ದನ್ನು ಎತ್ತುವುದುಂಟೇ ಎಂದಳು. ಹೋಗಲಿ, ಅಡುಗೆಮನೆಯ ಚಾಕು? ಅದೂ ಈಳಿಗೆಮಣೆಯೂ ಹೂವು ಮುಡಿದು ಕೂತಿದ್ದವು. ಪಕ್ಕದ ಮನೆಯವರ ಸ್ಕೂಟರಿನಲ್ಲಿ ಹೇಳಿಕಳಿಸಿ ಮೆಕ್ಯಾನಿಕ್ಕನ್ನು ಕರೆಸಿದೆವು. ಬಿಳಿ ಪಂಚೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟುಕೊಂಡು ಬಂದವನು ಮೊದಲು ನಮ್ಮ ಸ್ಪ್ಯಾನರುಗಳಿಗೆ ಕೈಮುಗಿದ.

"ತಾಲ್ಲೂಕಲ್ಲಿ ಇವತ್ತು ಯಾವನೂ ಆಯುಧ ಎತ್ತದಿಲ್ಲ ಸಾ. ನಾಳಗಂಟ ಇಂಗೇ ಇರಿ, ಬತ್ತೀನಿ," ಎಂದು ಪ್ರಸಾದ ತಿಂದು ಹೋದ.

ನಾನು ಕಾರಿನಡಿ ಮಲಗಿ ಒಬ್ಬಟ್ಟು ತಿಂದೆ. ಅಷ್ಟರಲ್ಲಿ ಬೀದಿಯಲ್ಲಿ ಬಳೆ ಮಾರುವ ಅಮ್ಮ ಬಂದರು. ನನ್ನ ಹೆಂಡತಿಗೆ ಬಳೆ ತೊಡಿಸಲು ಬಂದವರು ಕಾರಿನಡಿಯಿಂದ ಚಾಚಿದ ಕಾಲು ಕಂಡು ಬೆಚ್ಚಿ, ಸಮಾಚಾರ ತಿಳಿದ ಮೇಲೆ ಎಣ್ಣೆ ಕೇಳಿದರು. ಸಣ್ಣ ಕೈ ಅವರದು. ನನ್ನ ಕೈಯ ಪಕ್ಕದಲ್ಲೇ ನುಸುಳಿಸಿ ಮೊದಲು ಬೋಲ್ಟು ಈಸಿಕೊಂಡರು. ಆಮೇಲೆ ನನ್ನ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಗೆಣ್ಣು ಅದುಮಿ, ಮಾತಾಡಿಸುತ್ತಲೇ ಎಳೆದರು. ಕೈ ಹೊರಗೆ ಬಂತು. ಹಿಂದೆಯೇ ಕಬ್ಬಿಣದ ತೋಳು ಧಡಾರನೆ ಕಳಚಿ ಬಿತ್ತು.

ನಾನು ಕೈ ಕೊಡವಿಕೊಳ್ಳುವಷ್ಟರಲ್ಲಿ ಅದರ ಮೇಲೆ ಹಸಿರು ಗಾಜಿನ ಬಳೆ ಏರಿದ್ದವು.

"ಅಬ್ಬದ ದಿಸ ಇಡ್ದ ಕೈಯ ಬರಿದು ಬುಡ್ಬಾರ್ದು ಕಣಪ್ಪ," ಎಂದರು ಆಕೆ.

ಮಣಿಕಟ್ಟು ಊದಿಕೊಂಡು ಬಳೆ ಕೆಳಗಿಳಿಯಲಿಲ್ಲ. ಒಡೆಯೋಣವೆಂದು ಕಲ್ಲು ಎತ್ತಿದರೆ ನನ್ನ ಹೆಂಡತಿ ಅಡ್ಡ ಬಂದಳು. ಕಾರು ಬೆಟ್ಟ ಹತ್ತುವವರೆಗೆ ಅವು ಒಡೆಯಕೂಡದು, ಒಡೆದರೆ ಅವತ್ತೇ ಗುಜರಿಯವನಿಗೆ ಹೇಳಿಕಳಿಸುತ್ತೇನೆ ಎಂದಳು.

೪. ತಟ್ಟೆ

ಕಾರು ಬೆಟ್ಟ ಹತ್ತಿತೇ ಎಂದು ಕೇಳುವವರು ಇದ್ದಾರೆ. ಹತ್ತಿತು, ದೀಪಾವಳಿಗೆ ಮುಂಚೆಯೇ. ಆದರೆ ಅದಕ್ಕೂ ಮೊದಲು ನಾನು ಆಫೀಸಿಗೆ ಹೋಗಬೇಕಿತ್ತಲ್ಲ. ತುಂಬುತೋಳಿನ ಅಂಗಿಯ ಗುಂಡಿ ಬಿಗಿದು, ಕೈ ಆಡಿಸಿದರೆ ಸದ್ದಾದೀತೆಂದು ಮೇಜಿನ ಮೇಲೆ ಊರಿಕೊಂಡು ಕೂತೆ.

ಹಬ್ಬ ಕಳೆದ ಮೊದಲ ದಿನವೇ ಬೆಳೆಗಾರರ ಮೆರವಣಿಗೆ ಬಂತು. ಎಷ್ಟು ಅರ್ಜಿ ಕೊಟ್ಟರೂ ಕೆಲಸ ಮಾಡದ ಆಫೀಸರಿಗೆ ಬಳೆ ತೊಡಿಸುತ್ತೇವೆ ಎಂದು ತಟ್ಟೆ ತುಂಬ ಬಳೆ ತಂದಿದ್ದರು. ಸಾಹೇಬರು ಹಿಂದಿನ ಬಾಗಿಲಿನಿಂದ ಮಾಯವಾದರು. ಎದುರಿಗೆ ಸಿಕ್ಕಿದವನು ನಾನು. ಬೇಡಪ್ಪ ಎಂದು ಕೈ ಹಿಂದಕ್ಕೆಳೆದೆ. ಮುಖಂಡರು ಬಿಡಲಿಲ್ಲ. ನನ್ನ ಕೈ ಹಿಡಿದು, ಅಂಗಿಯ ತೋಳು ಸರ್ರನೆ ಮೇಲಕ್ಕೆ ಸರಿಸಿದರು.

ಘೋಷಣೆ ನಿಂತುಹೋಯಿತು. ಹಿಂದಿದ್ದವರು ಏನಾಯಿತೆಂದು ಕತ್ತು ಉದ್ದ ಮಾಡಿದರು. ಮುಖಂಡರು ನನ್ನ ಬಳೆ ನೋಡಿದರು, ತಮ್ಮ ತಟ್ಟೆ ನೋಡಿದರು, ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟರು.

"ಯಾವ ಸಂಘದೋರು ಸಾ ನಮಗಿಂತ ಮೊದ್ಲೇ ಬಂದಿದ್ದದ್ದು?"

ನನಗೆ ಸುಳ್ಳು ತೋಚಲಿಲ್ಲ. ಹೆಂಡತಿಯ ಆಜ್ಞೆ, ಕಾರು ಬೆಟ್ಟ ಹತ್ತುವ ತನಕ ತೆಗೆಯುವಂತಿಲ್ಲ ಎಂದೆ.

ಅವರು ಸರಿಸಿದ ತೋಳನ್ನು ತಾವೇ ಇಳಿಸಿ, ಗುಂಡಿ ಹಾಕಿ, ದನಿ ತಗ್ಗಿಸಿದರು.

"ಅಮ್ಮಾವ್ರನ್ನ ಒಂದ್ಸಲ ನಮ್ಮ ಸಭೆಗೆ ಕರ್ಕ ಬನ್ನಿ ಸಾ. ನಾವು ಬರೀ ಕೂಗ್ತಾ ಇದ್ದೀವಿ, ಅವ್ರು ಕೆಲ್ಸ ಮಾಡ್ಬುಟ್ಟವ್ರ."